ಗಾಳಿದೇವನ ಹೆಬ್ಬೆರಳು

ಚಿತ್ರ ಬರೆಯಲು ಹತ್ತಿದ್ದ ಸಾರುವೆಯಿಂದ ಬಿದ್ದ ದಿನದಿಂದ ಅಪ್ಪ ಮಾತು ಬಿಟ್ಟರು. ಬೆನ್ನುಮೂಳೆಗೆ ಪೆಟ್ಟಾಗಿದೆ, ಅಲುಗಾಡದೆ ಅಂಗಾತ ಮಲಗಿದ್ದರೆ ಕೂಡಿಕೊಳ್ಳುತ್ತದೆ, ನಾಲಿಗೆಗಂತೂ ಏನೂ ಆಗಿಲ್ಲ ಎಂದಿದ್ದರು ಡಾಕ್ಟರು. ಆದರೂ ಅಪ್ಪ ಬಾಯಿ ಬಿಡಲಿಲ್ಲ. ಅಮ್ಮ ಕೊಟ್ಟ ಮಾತ್ರೆ ನುಂಗುವುದು, ಮಂಪರಿಗೆ ಜಾರುವುದು, ಅಷ್ಟೇ. ಅವರ ಬೈಗುಳ ಕೇಳುತ್ತಲೇ ಬೆಳೆದವಳು ನಾನು. ಆ ಮೌನದಲ್ಲಿ ನನಗೆ ಕೈಕಾಲೇ ಆಡುತ್ತಿರಲಿಲ್ಲ.

ನಾಟಕಶಾಲೆಯ ಛಾವಣಿಗೆ ಚಿತ್ರ ಬರೆಯಲು ಅವರು ಒಪ್ಪಿಕೊಂಡಿದ್ದ ಕೆಲಸ ನನ್ನ ತಲೆಯ ಮೇಲೆ ಬಿತ್ತು. ಮೋಡದ ತುಂಬ ಹಾರುವ ದೇವತೆಗಳು. ಬಣ್ಣಕ್ಕೆ ಮೊದಲು ಒಬ್ಬೊಬ್ಬರನ್ನೂ ಕಾಗದದ ಮೇಲೆ ಇದ್ದಿಲಿನಲ್ಲಿ ಬರೆದು ನೋಡಬೇಕು. ಕೆಳಗೆ ನಿಂತವರಿಗೆ ಮೊದಲು ಕಾಣುವುದು ದೇವರ ಪಾದ, ಆಮೇಲೆ ಮುಖ. ಅದಕ್ಕೇ, ಬರೆದದ್ದನ್ನು ಮೇಲೆ ಅಂಟಿಸಿ ಕೆಳಗೆ ಮಲಗಿ ನೋಡು ಎನ್ನುವುದು ಅಪ್ಪನ ಪಾಠ. ಮಲಗಿದವರು ಮನೆಯಲ್ಲೇ ಇದ್ದಾರಲ್ಲ ಎಂದು, ಏಣಿ ಹತ್ತಿ ನಾನು ಬರೆದ ಗಾಳಿದೇವನನ್ನು ಅವರ ಮಂಚದ ನೇರಕ್ಕೆ ಸೂರಿಗೆ ಅಂಟಿಸಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು.

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. "ಅಪ್ಪ ಇನ್ನು ನಮಗೆ ದಕ್ಕಲ್ಲ ಕಣಮ್ಮ," ಎಂದೆ.

ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಹೋಗಿ ಒಂಚೂರು ಮಲಕ್ಕೋ. ಎದ್ದ ಮೇಲೆ ನೋಡೋಣ."

ಸಂಜೆ ನನ್ನನ್ನು ಎಬ್ಬಿಸಿದ್ದು ಅಪ್ಪನ ದನಿ. "ಲೇ, ಬಾರೇ ಇಲ್ಲಿ. ಎರಡೂ ಎಡಗಾಲು ಬರ್ದಿದೀಯಲ್ಲ, ಕಣ್ಣು ಎಲ್ಲಿ ಅಡ ಇಟ್ಟಿದ್ದೆ?"

ಬಿದ್ದೆನೋ ಎದ್ದೆನೋ ಎಂದು ಓಡಿದೆ. ಗಾಳಿದೇವನ ಬಲಪಾದದಲ್ಲಿ ಹೆಬ್ಬೆರಳು ಕಿರುಬೆರಳಿನ ಜಾಗಕ್ಕೆ ಹೋಗಿ ಕೂತಿತ್ತು. ನಾನು ಹಾಗೆ ಬರೆದಿರಲಿಲ್ಲ. ಯಾರೋ ನನ್ನ ಗೆರೆಗಳನ್ನು ಒರೆಸಿ, ಬದನೆಕಾಯಿಯಂಥ ಬೆರಳುಗಳನ್ನು ಎಳೆದಿದ್ದರು. ಮಂಚದ ಪಕ್ಕದಲ್ಲಿ ಏಣಿ, ಏಣಿಯ ಪಕ್ಕದಲ್ಲಿ ಅಮ್ಮ. ಅವಳ ಮೊಣಕೈವರೆಗೂ ಇದ್ದಿಲು ಮೆತ್ತಿತ್ತು.

"ನೀವು ನಿದ್ದೇಲಿದ್ದಾಗ ನಾನೇ ಬರ್ದೆ," ಎಂದಳು ಅಮ್ಮ. "ಚೆನ್ನಾಗಿರೋದನ್ನ ನೋಡಿ ನೀವು ಯಾವತ್ತು ಬಾಯಿ ಬಿಟ್ಟಿದೀರಿ?"

ಅಪ್ಪ ಮತ್ತೆ ಕಣ್ಣು ಮುಚ್ಚಿಕೊಂಡರು. ಇನ್ನು ಮಾತಾಡುವುದಿಲ್ಲವೇನೋ ಎಂದು ನಾನು ಮಂಚದತ್ತ ಬಾಗಿದೆ.

"ಇವಳು ಅಷ್ಟು ಚೆನ್ನಾಗಿ ಬರ್ದಿದ್ಳಲ್ಲೇ," ಎಂದರು ಅಮ್ಮನಿಗೆ, ಮೆಲ್ಲಗೆ. "ಇನ್ನು ನಾನ್ಯಾಕೆ ಅನ್ನಿಸ್ತು."

"ಇವಳು ಬರೀತಾಳೆ ಸರಿ. ನನ್ನ ತಿದ್ದೋರು ಯಾರು? ನಾಳೆ ಈ ದೇವ್ರ ಮುಖಾನೂ ನಾನೇ ಬರೀಬೇಕು ಅಂತಿದೀನಿ."

ಅಪ್ಪ ಗಾಬರಿಯಾಗಿ ಕೋಲು ಕೇಳಿದರು. ನಾನು ಉದ್ದನೆಯ ಕೋಲಿನ ತುದಿಗೆ ಇದ್ದಿಲು ಕಟ್ಟಿ ಕೊಟ್ಟೆ. ಮಲಗಿದಲ್ಲಿಂದಲೇ ಹೆಬ್ಬೆರಳನ್ನು ಅದರ ಜಾಗಕ್ಕೆ ತಂದರು. ಅಷ್ಟಕ್ಕೇ ಬಿಡದೆ, ನಾನು ಸರಿಯಾಗಿಯೇ ಬರೆದಿದ್ದ ಮೊಣಕಾಲಿಗೂ ಕೈ ಹಾಕಿ ಬೈಯತೊಡಗಿದರು. ಅಮ್ಮ ಕೈ ತೊಳೆಯಲು ಹೋದಳು. ಎಷ್ಟೋ ದಿನಗಳ ಮೇಲೆ ಹಗುರಾಗಿ ಉಸಿರಾಡುತ್ತ, ಕಣ್ಣು ಒರೆಸಿಕೊಳ್ಳುತ್ತ, ನಾನು ಆ ಬೈಗುಳಗಳನ್ನೆಲ್ಲ ಕಿವಿತುಂಬ ಕೇಳುತ್ತ ನಿಂತೆ.