ಆನೆಮರಿಗೆ ಬೆಲ್ಲ

ಯಾರೇ ಅತ್ತರೂ ಸರೋಜಮ್ಮನಿಗೆ ಕರುಳು ಚುರ್ ಎನ್ನುತ್ತದೆ. ಅಳುವುದು ಮೊಬೈಲಿನೊಳಗಿನ ಆನೆಮರಿಯಾದರೂ ಅಷ್ಟೇ. ಎಡವಟ್ಟಾಗಿದ್ದೇ ಅಲ್ಲಿ.

ಮೊಮ್ಮಗಳು ಗಗನಳಿಗೆ ಹತ್ತೊಂಬತ್ತು ವರ್ಷ. ಹುಟ್ಟುವಾಗಲೇ ತಾಯಿಯಿಂದ ಎಚ್‌ಐವಿ ಬಂದಿತ್ತು, ತಾಯಿ ಉಳಿಯಲಿಲ್ಲ. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ಎಲ್ಲರ ಹಾಗೇ ಬದುಕಬಹುದು ಎಂದು ಹೇಳಿ ಹೇಳಿ ಸಾಕಾಗಿ, ಆಸ್ಪತ್ರೆಯವರು ಒಂದು ಗೇಮ್ ಹಾಕಿಕೊಟ್ಟಿದ್ದರು. ರಾತ್ರಿ ಎಂಟಕ್ಕೆ ಮಾತ್ರೆ ನುಂಗಿ ಗುಂಡಿ ಒತ್ತಿದರೆ ಆನೆಮರಿಗೆ ಬೆಲ್ಲ. ಒತ್ತದಿದ್ದರೆ ಅದು ಸೊಂಡಿಲು ಇಳಿಬಿಟ್ಟು ಅಳುತ್ತದೆ. ಗೆಳತಿಯರು ಕಂಡಾರೆಂದು ಗಗನ ಅದನ್ನು ಅಜ್ಜಿಯ ಫೋನಿಗೆ ಹಾಕಿಸಿದ್ದಳು.

ಮೊದಮೊದಲು ಮೊಮ್ಮಗಳು ಮಾತ್ರೆ ನುಂಗುವುದು, ಅಜ್ಜಿ ಗುಂಡಿ ಒತ್ತುವುದು; ಕುಂಬಾರಕೊಪ್ಪಲಿನ ಆ ಪುಟ್ಟ ಮನೆಯಲ್ಲಿ ನಗುವೋ ನಗು. ಆಮೇಲೆ ಗಗನ ಅರಸು ರಸ್ತೆಯ ಸೀರೆ ಅಂಗಡಿಗೆ ಸೇರಿದಳು. ಮನೆಗೆ ಬರುವಾಗ ಒಂಬತ್ತೂವರೆ. ಮಾತ್ರೆ ಬ್ಯಾಗಿನಲ್ಲೇ ಇರುತ್ತಿತ್ತು. ಎಂಟಕ್ಕೆ ಸರೋಜಮ್ಮ ಫೋನ್ ಮಾಡಿ "ಆಯ್ತಾ ಮಗಾ?" ಅನ್ನುತ್ತಿದ್ದಳು. "ಆಯ್ತು ಕಣಜ್ಜಿ" ಎಂದು ಉತ್ತರ ಬರುತ್ತಿತ್ತು.

ಕೆಲವು ದಿನ ಗಗನ ಫೋನ್ ಎತ್ತುತ್ತಿರಲಿಲ್ಲ. ಆನೆಮರಿ ಶುರುಹಚ್ಚಿಕೊಳ್ಳುತ್ತಿತ್ತು. "ತಗೊಂಡಿರ್ತಾಳೆ ಬುಡು, ಈ ಮಗೀಗ್ಯಾಕೆ ಉಪವಾಸ" ಎಂದು ಸರೋಜಮ್ಮ ಒತ್ತಿಬಿಡುತ್ತಿದ್ದಳು. ಬರಬರುತ್ತಾ ಫೋನ್ ಮಾಡುವುದನ್ನೇ ಬಿಟ್ಟಳು. ನೂರಾ ಹದಿನೆಂಟು ದಿನ, ಒಂದೂ ತಪ್ಪಿಲ್ಲ! ಆನೆಮರಿಗೆ ಹಣೆಪಟ್ಟಿ ಬಂತು, ಕಾಲ್ಗೆಜ್ಜೆ ಬಂತು. ಅಕ್ಕಪಕ್ಕದವರಿಗೆ ತೋರಿಸುವ ಹಾಗಿಲ್ಲವಲ್ಲ ಎಂಬುದೊಂದೇ ಸಂಕಟ.

ಈಗ ಆಸ್ಪತ್ರೆಯ ಕೌನ್ಸೆಲರ್ ಲಹರಿಯ ಮುಂದೆ ಅಜ್ಜಿ, ಮೊಮ್ಮಗಳು ಇಬ್ಬರೂ ಕೂತಿದ್ದರು. ಗಗನಳ ರಕ್ತದಲ್ಲಿ ವೈರಸ್ ವಿಪರೀತ ಏರಿತ್ತು.

"ಗೇಮಲ್ಲಿ ಒಂದಿನಾನೂ ತಪ್ಪಿಲ್ಲ, ಡಬ್ಬಿನೂ ಖಾಲಿ," ಎಂದಳು ಲಹರಿ. "ಹಾಗಾದ್ರೆ ಈ ಮಾತ್ರೆ ಇನ್ನು ನಾಟ್ತಿಲ್ಲ ಅಂತ ಕಾಣತ್ತೆ. ಡಾಕ್ಟ್ರು ಬೇರೆ ಬರೀಬೇಕಾಗ್ಬೋದು. ಅದೂ ಕೈಕೊಟ್ರೆ ಮುಂದಕ್ಕೆ ಕಷ್ಟ, ಅಜ್ಜಿ."

ಸರೋಜಮ್ಮ ಮೊಮ್ಮಗಳತ್ತ ನೋಡಿದಳು. ಹೇಳಿದರೆ ಹುಡುಗಿಯ ಮಾನ ಹೋಗುತ್ತದೆ. ಹೇಳದಿದ್ದರೆ ಹುಡುಗಿಯೇ ಹೋಗುತ್ತಾಳೆ.

"ಗುಂಡಿ ಒತ್ತಿದ್ದು ನಾನು ಮೇಡಂ. ತಗೊಂಡ್ಳೋ ಇಲ್ವೋ ಅಂತ ಕೇಳ್ದೇನೇ ಒತ್ಬುಟ್ಟೆ. ಮರಿ ಅಳ್ತಿತ್ತು."

ಗಗನ ತಲೆ ಎತ್ತಲಿಲ್ಲ. "ಅಂಗಡೀಲಿ ಎಲ್ಲರ ಬ್ಯಾಗೂ ಒಂದೇ ಗೂಡಲ್ಲಿ ಇಡ್ತೀವಿ. ಒಬ್ಳು ಡಬ್ಬಿ ತೆಗೆದು ಇದೇನು ಮಾತ್ರೆ ಅಂದ್ಳು. ಥೈರಾಯ್ಡ್ ಅಂದೆ. ಆಮೇಲೆ ತಗೊಂಡು ಹೋಗೋದೇ ಬಿಟ್ಟೆ. ಮನೆಗೆ ಬರೋಷ್ಟ್ರಲ್ಲಿ ಹೊತ್ತು ಮೀರಿರ್ತಿತ್ತು, ಇನ್ಯಾಕೆ ಅನ್ಸೋದು. ಉಳಿದಿದ್ದನ್ನ ಕಕ್ಕಸಿಗೆ ಹಾಕ್ತಿದ್ದೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಮಗಾ?"

"ಎಂಗಜ್ಜಿ ಹೇಳ್ಲಿ? ಮನೆಗೆ ಬಂದ್ರೆ ಸಾಕು, ನೀನು ಆನೆ ತೋರ್ಸಿ ನಗ್ತಿದ್ದೆ. ಅದು ಅತ್ರೆ ನಿಂಗೆ ತಡೀತಿರ್ಲಿಲ್ಲ. ನಾನು ಬಚ್ಚಲಲ್ಲಿ ಅಳೋದು ಮಾತ್ರ ಕೇಳಿಸ್ಲೇ ಇಲ್ಲ."

ಸರೋಜಮ್ಮ ಫೋನನ್ನು ಸೆರಗಿನಡಿ ಸರಿಸಿದಳು.

ಲಹರಿ ಕುರ್ಚಿಯನ್ನು ಗಗನಳ ಹತ್ತಿರ ಎಳೆದುಕೊಂಡಳು. "ಒಂದ್ಮಾತು ಕೇಳಿದ್ರೆ ಬೆಳಿಗ್ಗೆ ಮನೇಲೇ ತಗೊಳ್ಳೋ ಹಾಗೆ ಮಾಡಿಕೊಡ್ತಿದ್ವಲ್ಲ ಗಗನ," ಎಂದಳು. ಸದ್ಯ ಇದೇ ಮಾತ್ರೆ, ಬೆಳಿಗ್ಗೆ ಏಳಕ್ಕೆ; ಗೇಮಿನ ಹೊತ್ತೂ ಅದಕ್ಕೇ ಬದಲಾಯಿತು. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಅಲ್ಲಿಯವರೆಗೆ ಏನೂ ಹೇಳುವಂತಿಲ್ಲ.

ಮಾರನೆಯ ದಿನ ಏಳು ಹೊಡೆಯಿತು. ಗಗನ ಬಚ್ಚಲಿನಲ್ಲಿದ್ದಳು, ನಲ್ಲಿ ಜೋರಾಗಿ ಸುರಿಯುತ್ತಿತ್ತು. ಏಳೂಕಾಲಾದರೂ ಹೊರಗೆ ಬರಲಿಲ್ಲ. ಆನೆಮರಿ ಅಳಲು ಶುರುಮಾಡಿತು. ಸರೋಜಮ್ಮನ ಬೆರಳು ಗುಂಡಿಯ ಹತ್ತಿರ ಹೋಯಿತು. ಹಾಳಾದ್ದು! ಫೋನನ್ನು ಬೋರಲು ಹಾಕಿ, ಮಾತ್ರೆ, ಒಂದು ಲೋಟ ನೀರು ಹಿಡಿದು ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಂತಳು.

"ಮಗಾ, ಅಳ್ತಿದ್ದೀಯಾ?"

ನಲ್ಲಿ ನಿಂತಿತು. "ಹೂಂ ಅಜ್ಜಿ."

ಸರೋಜಮ್ಮ ಹೊಸ್ತಿಲ ಬಳಿ ನೆಲದ ಮೇಲೆ ಕೂತಳು. ಒಳಗೆ ಚಿಲಕ ಸರಿಯುವವರೆಗೆ ಏಳಲಿಲ್ಲ, ಆನೆಮರಿ ಅಳುತ್ತಲೇ ಇತ್ತು.