ಹೊಟ್ಟು ಹೊದ್ದ ಐಸು

ಗುಬ್ಬಿ ಪೇಟೆಯಲ್ಲಿ ಇಸಾಕ್ ಸಾಬ್ ಎಂದರೆ ಅರ್ಧ ಜನಕ್ಕೆ ನಮ್ಮ ಯಜಮಾನರು ಯಾರೆಂದು ಗೊತ್ತಾಗುವುದಿಲ್ಲ, ಐಸ್ ಸಾಬ್ರು ಎನ್ನಬೇಕು. ತುಮಕೂರಿನಿಂದ ಬೆಳಿಗ್ಗೆ ಬರುವ ಐಸ್ ಗಡ್ಡೆಗಳನ್ನು ಭತ್ತದ ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿಚೀಲ ಮುಚ್ಚಿಟ್ಟು, ಸೋಡಾ ಅಂಗಡಿಗೆ, ಮೀನಿನವರಿಗೆ, ಮದುವೆ ಮನೆಗಳಿಗೆ ಒಡೆದು ಕೊಡುತ್ತಾರೆ. ಮಗಳು ಮುಬಶ್ಶಿರಾ ಚಿಕ್ಕವಳಿದ್ದಾಗ ಆ ಹೊಟ್ಟಿನ ಗುಡ್ಡೆಗೆ ಒರಗಿಯೇ ನಿದ್ದೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಅದಕ್ಕಿಂತ ತಂಪಾದ ಜಾಗ ನಮ್ಮಲ್ಲಿ ಇರಲಿಲ್ಲ.

2003ರಲ್ಲಿ ಅವಳು ತುಮಕೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಉಪಗ್ರಹ ತೆಗೆದ ಚಿತ್ರಗಳನ್ನು ನೋಡಿ ಹಿಮಾಲಯದ ಒಂದು ಹಿಮನದಿ ಎಷ್ಟು ಕರಗಿದೆ ಎಂದು ಅಳೆಯುವುದು ಅವಳ ಕೆಲಸ. ಕಾಲೇಜಿನಲ್ಲಿ ಅದನ್ನು ಎಲ್ಲರ ಮುಂದೆ ವಿವರಿಸುವ ದಿನ ಮನೆಯವರೂ ಬರಬಹುದು ಎಂದಿದ್ದರು. ಇವರು ಈದ್ ಶರ್ಟಿಗೆ ಇಸ್ತ್ರಿ ಮಾಡಿಸಿದರು. ಸೋಡಾ ಅಂಗಡಿಯ ಚಿಕ್ಕಬೋರಯ್ಯನಿಗೆ ಹಿಂದಿನ ದಿನವೇ ಸುದ್ದಿ ಮುಟ್ಟಿತ್ತು.

ನಾವು ಕೊನೆಯ ಸಾಲಿನಲ್ಲಿ ಕೂತೆವು. ಪರದೆಯ ಮೇಲೆ ಎರಡು ಚಿತ್ರ. ಹಳೆಯದರಲ್ಲಿ ಬಿಳುಪು ಕಣಿವೆಯ ತಳದವರೆಗೂ ಇಳಿದಿತ್ತು. ಹೊಸದರಲ್ಲಿ ಅದು ಅರ್ಧಕ್ಕೇ ನಿಂತು, ಕೆಳಗೆಲ್ಲ ಬೂದುಬಣ್ಣ. ಅಷ್ಟೂ ಕರಗಿಹೋಗಿದೆ ಎಂದಳು ಮಗಳು.

ಅವಳ ಮೇಡಂ ಉಮಾಮಹೇಶ್ವರಿ ತಡೆದರು. "ಹಳೇ ಚಿತ್ರ ಹೊಸ ಹಿಮ ಬಿದ್ಮೇಲೆ ತೆಗೆದಿರೋದು ಕಣಮ್ಮ, ಅದಕ್ಕೇ ಎಲ್ಲಾ ಬೆಳ್ಳಗಿದೆ. ಈ ಬೂದು ಭಾಗ ಬರೀ ನೆಲ ಅಂತ ಹೆಂಗೆ ಹೇಳ್ತೀಯ? ಕಲ್ಲುಮಣ್ಣು ಹೊದ್ಕೊಂಡಿರೋ ಐಸೇ ಇರ್ಬೋದಲ್ವಾ? ಕರಗಿರೋದು ನಿಜ, ಆದ್ರೆ ಇಷ್ಟಲ್ಲ."

ಮಗಳು ತಿರುಗಿ ಪರದೆಯ ಬೂದು ಭಾಗ ನೋಡಿದಳು. ಮೇಡಂ ಮುಂದುವರಿಸಿದರು.

"ದಪ್ಪಗೆ ಮುಚ್ಚಿದ್ರೆ ಬಿಸಿಲು ಒಳಗೆ ತಾಕಲ್ಲ. ಪೇಟೇಲಿ ಹೊಟ್ಟಲ್ಲಿ ಐಸ್ ಮುಚ್ಚಿಡ್ತಾರಲ್ಲ, ಹಂಗೆ. ನೀನು ಎಲ್ಲೂ ನೋಡಿಲ್ವಾ?"

ಯಾರೋ ನಕ್ಕರು. ಮಗಳ ಕಣ್ಣು ಕೊನೆಯ ಸಾಲಿಗೆ ಬಂತು, ಅವಳ ಅಬ್ಬಾನ ಮೇಲೆ ನಿಂತಿತು, ಕೆಳಗಿಳಿಯಿತು.

"ಇಲ್ಲ ಮೇಡಂ."

ಇವರು ಡೆಸ್ಕಿನ ಮೇಲಿದ್ದ ಕೈಗಳನ್ನು ಮೆಲ್ಲಗೆ ಕೆಳಗೆ ಸರಿಸಿಕೊಂಡರು. ಐಸ್ ಹಿಡಿದು ಹಿಡಿದು ಬಿರಿದ ಕೈಗಳು.

ಗುಬ್ಬಿ ಬಸ್ಸಿನಲ್ಲಿ ಮೂವರೂ ವಾಪಸ್ ಬಂದೆವು. ಮನೆಗೆ ಬಂದು ಅವಳು ಊಟಕ್ಕೆ ಏಳಲಿಲ್ಲ. ತಟ್ಟೆ ಮುಚ್ಚಿಟ್ಟು ಅವಳ ತಲೆ ಸವರಿದೆ.

"ಅಮ್ಮಿ, ಅಬ್ಬಾಗೆ ಕೇಳಿಸ್ತಾ?"

"ಅದನ್ನ ನನ್ನ ಯಾಕೆ ಕೇಳ್ತೀಯ ಬೇಟಿ," ಎಂದೆ.

ಮರುದಿನ ಬುತ್ತಿ ಕೊಡಲು ಅವಳೂ ನನ್ನ ಜೊತೆ ಅಂಗಡಿಗೆ ಬಂದಳು. ಚಿಕ್ಕಬೋರಯ್ಯ ಅಲ್ಲೇ ನಿಂತಿದ್ದ, ನಮ್ಮನ್ನು ನೋಡಿರಲಿಲ್ಲ.

"ಏನ್ ಸಾಬ್ರೇ, ಮಗ್ಳು ಹಿಮಾಲಯಾನೇ ಅಳೆದ್‌ಬುಟ್ಲಂತೆ? ಅಲ್ಲಿ ಐಸ್ ಕರಗೋದ್ರೆ ನಿಮ್ಗೇ ಯಾಪಾರ ಜೋರು ಬುಡಿ. ಹೆಂಗ್ ಮಾತಾಡಿದ್ಲು?"

"ಚೆನ್ನಾಗೇ ಮಾತಾಡಿರ್ತಾಳೆ. ನಾನು ಹಿಂದ್ಗಡೆ ಕೂತಿದ್ನಲ್ಲ ಬೋರಯ್ಯ, ಏನೂ ಕೇಳಿಸ್ಲಿಲ್ಲ."

ಪೇಟೆಯ ಗದ್ದಲದಲ್ಲೂ ಹೊಟ್ಟಿನೊಳಗೆ ಐಸ್ ಬಿರುಕು ಬಿಟ್ಟರೆ ತಿರುಗಿ ನೋಡುವ ಕಿವಿ ಇವರದು. ಮಗಳು ಬುತ್ತಿ ಹಿಡಿದು ನಿಂತೇ ಇದ್ದಳು. ಚಿಕ್ಕಬೋರಯ್ಯ ಹೋದ ಮೇಲೆ ಹತ್ತಿರ ಹೋದಳು.

"ಅಬ್ಬಾ, ಮುಂದಿನ ವಾರ ಸರಿಮಾಡ್ಕೊಂಡು ಮತ್ತೆ ಹೇಳ್ಬೇಕು. ನೀವು ಬನ್ನಿ."

"ಅಂಗಡಿ ಯಾರು ನೋಡ್ತಾರೆ?"

"ಹಂಗಾದ್ರೆ ಹೊಟ್ಟು ಎಷ್ಟು ದಪ್ಪ ಹಾಕ್ತೀರಾ ಅಂತನಾದ್ರೂ ಹೇಳಿ. ಅಲ್ಲಿ ಹೇಳ್ತೀನಿ, ನಮ್ಮಬ್ಬಾ ಹೇಳಿದ್ದು ಅಂತ."

ಇವರು ಗೋಣಿಚೀಲ ಎತ್ತುತ್ತಿದ್ದವರು ಹಾಗೇ ನಿಂತರು. ಆಮೇಲೆ ಇವರು ಕೇಳಿದ ಮಾತು ಚುಚ್ಚಬೇಕೆಂದಲ್ಲ, ಯೋಚಿಸದೆ ಬಾಯಿಗೆ ಬಂದದ್ದು.

"ಯಾಕೆ, ನೀನು ನೋಡಿಲ್ವಾ?"

ಮಗಳ ತಲೆ ಬಗ್ಗಿತು.

"ನೋಡಿದೀನಿ ಅಬ್ಬಾ."

ಇವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವಳು ಬುತ್ತಿ ನನಗೆ ಕೊಟ್ಟು, ದುಪಟ್ಟಾ ಸೊಂಟಕ್ಕೆ ಸುತ್ತಿ ಕೂತು, ಹೊಟ್ಟಿನೊಳಗೆ ಮೊಣಕೈವರೆಗೂ ಕೈ ಇಳಿಸಿದಳು. ಐಸ್ ಸಿಕ್ಕ ಮೇಲೂ ಕೈ ತೆಗೆಯಲಿಲ್ಲ.