ಹದಿನೈದಕ್ಕೆ ಒಂದು ಕಡಿಮೆ

ಕಂಪ್ಯೂಟರ್ ಮತ್ತೆ ಹದಿನಾಲ್ಕು ಅಂದಿತು. ಮೇಷ್ಟ್ರು ಅದನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದು, ಐದೂ ಚುಕ್ಕಿಗಳ ಜಾಗ ಬದಲಾಯಿಸಿ ಇನ್ನೊಂದು ಸಲ ಕೇಳಿದರು. ಹದಿನಾಲ್ಕು. ಹಟ ಹಿಡಿದ ಮಗುವಾದರೂ ಇಷ್ಟು ಹೊತ್ತಿಗೆ ಸೋತು ಮಲಗಿರುತ್ತಿತ್ತು.

ವಿಷಯ ಇಷ್ಟೇ. ಕಾಲೇಜು ಮಕ್ಕಳಿಗೆ ಮೇಷ್ಟ್ರು ಹೆಂಡತಿ ಜೊತೆ ಸೇರಿ ಬರೆಯುತ್ತಿದ್ದ ಪಠ್ಯಪುಸ್ತಕದ ಕೊನೇ ಅಧ್ಯಾಯ. ಕಾಗದದ ಮೇಲೆ ಐದು ಚುಕ್ಕಿ ಇಟ್ಟು, ಒಂದೊಂದರಲ್ಲೂ ಎರಡೆರಡು ಸಲ ಹಾದುಹೋಗುವ ನಾಲ್ಕನೇ ಘಾತದ ಗೆರೆ ಎಳೆಯಲು ಆಗುತ್ತದೆಯೇ ಅನ್ನುವುದು ಪ್ರಶ್ನೆ. ಅಂಥ ಗೆರೆಯ ಸಮೀಕರಣದಲ್ಲಿ ನಾವು ಆರಿಸಿಕೊಳ್ಳಬಹುದಾದ ಸಂಖ್ಯೆಗಳು ಹದಿನೈದು. ಒಂದೊಂದು ಚುಕ್ಕಿಯೂ ಮೂರು ಷರತ್ತು ಹಾಕುತ್ತದೆ. ಐದು ಮೂರಲಿ ಹದಿನೈದು. ಅಲ್ಲಿಗೆ ಅಲ್ಲಾಡಲು ಜಾಗವಿಲ್ಲ, ಗೆರೆ ಇಲ್ಲ, ಕಥೆ ಮುಗಿಯಿತು. ಆದರೆ ಈ ಕಂಪ್ಯೂಟರ್ ಮಹಾಶಯ ಮಾತ್ರ, ನಿಜವಾದ ಷರತ್ತು ಹದಿನಾಲ್ಕೇ, ಹದಿನೈದನೆಯದು ಆಗಲೇ ಹೇಳಿದ್ದರ ಪುನರುಕ್ತಿ, ಹಾಗಾಗಿ ಒಂದು ಗೆರೆ ಇದ್ದೇ ಇದೆ ಅನ್ನುತ್ತಿತ್ತು. ಹಾಗಾದರೆ ಚಿತ್ರ ಬರೆಯಪ್ಪಾ ಅಂದರೆ ಖಾಲಿ ಪರದೆ.

ಕಾಲೇಜಿನ ಅದೇ ಕೋಣೆಯಲ್ಲಿ ಪಕ್ಕದ ಮೇಜಿನಲ್ಲಿ ಕೂತ ಮೇಡಂನ ಕೇಳಿದ್ದರೆ ಒಂದು ನಿಮಿಷದ ಕೆಲಸ. ಜ್ಯಾಮಿತಿ ಅವರದೇ ವಿಷಯ. ಮೇಷ್ಟ್ರದು ಬರೀ ಅಂಕಿ, ಪ್ರೋಗ್ರಾಮು. ಆದರೆ ಆ ಮೇಡಂ ಮೇಷ್ಟ್ರ ಹೆಂಡತಿ, ಕಷ್ಟ ಇದ್ದದ್ದೇ ಅಲ್ಲಿ. ಒಂದು ಕಾಲಕ್ಕೆ ವಿದ್ಯಾರ್ಥಿಗಳು ಇವರಿಗೆ ಕೂಡು-ಕಳೆ ಜೋಡಿ ಅಂತ ಹೆಸರಿಟ್ಟಿದ್ದರು. ಇವರು ಹೌದು ಅಂದದ್ದಕ್ಕೆ ಅವರು ಅಲ್ಲ ಅನ್ನಬೇಕು, ಜಗಳ ಕಾರಿಡಾರಿನ ತುದಿವರೆಗೂ ಕೇಳಬೇಕು.

ಹೋದ ವರ್ಷ ಅವರ ಒಬ್ಬಳೇ ಮಗಳು, ಏಳು ವರ್ಷದ ಗುಬ್ಬಿ, ಜ್ವರ ಬಂದ ಮೂರನೇ ದಿನ ಹೋಗಿಬಿಟ್ಟಳು. "ಬರೀ ಜ್ವರ, ನಾಳೆ ನೋಡೋಣ" ಅಂದಿದ್ದವರು ಮೇಷ್ಟ್ರು. ಮೇಡಂ ಆ ಮಾತನ್ನು ಒಂದು ಸಲವೂ ಎತ್ತಿ ಆಡಲಿಲ್ಲ. ಬಾಯಿ ತುಂಬ ಬೈದಿದ್ದರೆ ಆ ಮನುಷ್ಯ ಹೇಗೋ ಬದುಕಿಕೊಳ್ಳುತ್ತಿದ್ದ. ಮನೆಯಲ್ಲಿ ಜಗಳವೇ ನಿಂತುಹೋಯಿತು. ಒಂದೇ ಬೆಂಚಿನಲ್ಲಿ ಓದಿದ ಕಾಲದಿಂದ ಹೋಗೋ ಬಾರೋ ಅನ್ನುತ್ತಿದ್ದವರು ಈಗ "ಬಡಿಸಿದ್ದೀನಿ, ಬನ್ನಿ" ಅಂತ ಕರೆಯುತ್ತಿದ್ದರು.

ಬೇರೆ ಊರಿನ ಕಾಲೇಜಿನಲ್ಲಿ ಮೇಡಂಗೆ ಕೆಲಸ ಸಿಕ್ಕಿತ್ತು. ಶನಿವಾರ ಸಂಜೆ ಐದು ಗಂಟೆಯ ಬಸ್ಸು, ಒಬ್ಬರದೇ ಟಿಕೆಟ್ಟು. ಹೋಗಬೇಡ ಅನ್ನಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳುವುದು?

ಶುಕ್ರವಾರ ಮಧ್ಯಾಹ್ನ ಮೇಡಂ ತಾವಾಗಿಯೇ ಎದ್ದು ಬಂದರು. "ವಾರದಿಂದ ಅದರ ಜೊತೆ ಗುದ್ದಾಡ್ತಿದ್ದೀರಲ್ಲ, ಏನದು?"

"ಪ್ರೋಗ್ರಾಮ್‌ನಲ್ಲಿ ಎಲ್ಲೋ ತಪ್ಪಿದೆ. ಹದಿನೈದು ಬರ್ಬೇಕು, ಹದಿನಾಲ್ಕು ಬರ್ತಿದೆ."

ಮೇಡಂ ಪರದೆ ನೋಡಿದರು. ಚಾಕ್‌ಪೀಸ್ ತೆಗೆದುಕೊಂಡು ಬೋರ್ಡಿನ ಮೇಲೆ ಐದು ಚುಕ್ಕಿ ಇಟ್ಟು, ಐದನ್ನೂ ಮುಟ್ಟುವ ಹಾಗೆ ಮೊಟ್ಟೆಯಾಕಾರದ ಒಂದು ಗೆರೆ ಎಳೆದರು. "ಐದು ಚುಕ್ಕಿಗೆ ಎರಡನೇ ಘಾತದ ಗೆರೆ ಒಂದು ಯಾವಾಗ್ಲೂ ಸಿಗುತ್ತೆ. ಸರಿ ತಾನೇ?"

"ಅದು ಗೊತ್ತಿರೋದೇ. ಆದ್ರೆ ಒಂದೊಂದು ಚುಕ್ಕಿಯಲ್ಲೂ ಅದು ಒಂದೇ ಸಲ ಹಾಯೋದು."

ಮೇಡಂ ಚಾಕ್‌ಪೀಸ್ ಎತ್ತದೆ ಅದೇ ಗೆರೆಯ ಮೇಲೆ ಇನ್ನೊಂದು ಸುತ್ತು ಬಂದರು. "ಈಗ? ಎರಡನೇ ಘಾತದ್ದು ಎರಡು ಸಲ, ನಾಲ್ಕು. ಪ್ರತಿ ಚುಕ್ಕಿಯಲ್ಲೂ ಎರಡು ಸಲ. ನೀನು ಹೊಸ ಗೆರೆ ಹುಡುಕ್ತಾ ಕೂತಿದ್ದೀಯಲ್ಲೋ ದಡ್ಡ! ಧನ ಹೋಗಿ ಋಣ ಅಂತ ಚಿಹ್ನೆ ಬದಲಾದ ಕಡೆ ಮಾತ್ರ ನಿನ್ನ ಕಂಪ್ಯೂಟರ್ ಗೆರೆ ಎಳೆಯುತ್ತೆ. ಇದಕ್ಕೆ ಒಳಗೂ ಧನ, ಹೊರಗೂ ಧನ. ಇದ್ರೂ ಕಾಣಲ್ಲ."

ಅಂದವರೇ ಬೆಚ್ಚಿದರು. "ಬರೆದುಕೊಳ್ಳಿ, ಅಧ್ಯಾಯ ಮುಗೀತು" ಅಂತ ಕೈ ಒರೆಸಿಕೊಂಡು ಕ್ಲಾಸಿಗೆ ಹೊರಟುಹೋದರು. ಅಧ್ಯಾಯ ಮುಗಿದ ಮೇಲೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸುವಂಥದ್ದು ಇನ್ನೇನೂ ಉಳಿಯಲಿಲ್ಲ. ಆ ಲೆಕ್ಕ ಇನ್ನೊಂದು ತಿಂಗಳು ಬಿಡಿಸದೆ ಉಳಿದಿದ್ದರೆ ಚೆನ್ನಾಗಿತ್ತು ಅನ್ನಿಸಿ ಮೇಷ್ಟ್ರ ಕಣ್ಣು ತುಂಬಿತು.

ಮೇಷ್ಟ್ರಿಗೆ ಒಂದು ಗುಟ್ಟಿತ್ತು. ದಿನಾ ಸಂಜೆ ಮೀಟಿಂಗ್ ಅಂತ ಸುಳ್ಳು ಹೇಳಿ, ಗುಬ್ಬಿ ಸ್ಕೂಲಿಗೆ ಹೋಗುತ್ತಿದ್ದ ದಾರಿಯಲ್ಲಿ ನಡೆಯುತ್ತಿದ್ದರು. ಮನೆ ಗೇಟಿನಿಂದ ಹೊರಟು ದರ್ಜಿಯ ಅಂಗಡಿ. ಅಲ್ಲಿಯ ಬೆಕ್ಕಿನ ಜೊತೆ ಅವಳದು ಊರ ಪುರಾಣವೆಲ್ಲ ಆಗಬೇಕಿತ್ತು. ಆಮೇಲೆ ಮೋರಿ, ಕಲ್ಲು ಹಾಕಿ ಬುಳುಕ್ ಅನ್ನುವವರೆಗೆ ಅಲ್ಲಿಂದ ಅಲ್ಲಾಡುತ್ತಿರಲಿಲ್ಲ. ಪೆನ್ಸಿಲ್ ಅಂಗಡಿಯ ಗಾಜಿಗೆ ಮೂಗು ಒತ್ತಬೇಕು. ಕೊನೆಗೆ ಸ್ಕೂಲಿನ ಗೇಟು. ಮೇಷ್ಟ್ರು ಒಂದನ್ನೂ ಬಿಡುತ್ತಿರಲಿಲ್ಲ, ಯಾರೂ ನೋಡದಿದ್ದರೆ ಮೂಗನ್ನೂ.

ಅವತ್ತು ಬೆಕ್ಕಿನ ತಲೆ ಸವರುತ್ತಿದ್ದಾಗ ದರ್ಜಿ ಮಿಷನ್ ನಿಲ್ಲಿಸಿದ. "ಸಾರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಂಡ ಹೆಂಡ್ತಿ ಪಾಳಿ ಹಾಕ್ಕೊಂಡಿದ್ದೀರಾ?"

"ಎಂಥ ಪಾಳಿ?"

"ಬೆಳಿಗ್ಗೆ ಮೇಡಂ, ಸಂಜೆ ನೀವು. ಅವ್ರೂ ಹಿಂಗೇ ಬೆಕ್ಕನ್ನ ಸವರ್ತಾರೆ, ಮೋರಿಗೆ ಕಲ್ಲು ಹಾಕಿ ನಿಂತ್ಕೋತಾರೆ. ಒಂದು ವರ್ಷದಿಂದ ನೋಡ್ತಿದ್ದೀನಿ."

ಮೇಡಂ ದಿನಾ ಬೆಳಿಗ್ಗೆ ಲೈಬ್ರರಿಗೆ ಅಂತ ಬೇಗ ಹೊರಡುತ್ತಿದ್ದರು. ಮೇಷ್ಟ್ರು ದರ್ಜಿ ಸರಿಸಿದ ಸ್ಟೂಲಿನ ಮೇಲೆ ಕೂತರು.

ಮರುದಿನ ಶನಿವಾರ, ಬಸ್ಸಿನ ದಿನ. ಬೆಳಿಗ್ಗೆ ಮೇಡಂ ಹೊರಗೆ ಬಂದಾಗ ಮೇಷ್ಟ್ರು ಚಪ್ಪಲಿ ಮೆಟ್ಟಿ ಗೇಟಿನಲ್ಲಿ ನಿಂತಿದ್ದರು.

"ಇಷ್ಟು ಬೇಗ ಎಲ್ಲಿಗೆ?"

"ಲೈಬ್ರರಿಗೆ" ಅಂದರು ಮೇಷ್ಟ್ರು.

ಮೇಡಂ ಗಂಡನ ಮುಖ ನೋಡಿದರು. ಇಬ್ಬರೂ ನಡೆದರು. ಜೊತೆಯಾಗಿ ಬಂದವರನ್ನು ಕಂಡ ದರ್ಜಿ ತಲೆ ತಗ್ಗಿಸಿ, ದಾರ ಪೋಣಿಸದ ಮಿಷನ್ನನ್ನೇ ತುಳಿದ. ಮೋರಿಯಲ್ಲಿ ಮೇಷ್ಟ್ರು ಕಲ್ಲು ಹಾಕಿದರು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಮೇಡಂ ತಮ್ಮದನ್ನು ಹಾಕಿದರು.

ಸ್ಕೂಲಿನಲ್ಲಿ ಬೆಲ್ ಹೊಡೆಯಿತು. ಕಡೇ ಮಗು ಓಡಿ ಒಳಗೆ ಹೋದ ಮೇಲೆ ಕಾವಲುಗಾರ ಗೇಟು ಹಾಕಿದ.

"ನಾಳೆ ನೋಡೋಣ ಅಂದವನು ನಾನು ಕಣೇ" ಅಂದರು ಮೇಷ್ಟ್ರು. ಅಳು ತಡೆಯಲಾಗಲಿಲ್ಲ. "ನಾನೇ ಅಂದದ್ದು."

"ಆಯ್ತು ಅಂದವಳು ನಾನು. ಹೆತ್ತವಳಾಗಿ ನಾನು ಒಪ್ಪಬಾರದಿತ್ತು. ಯಾಕೆ ಒಪ್ಪಿದೆ ಅಂತ ನೀನು ಒಂದು ಸಲವಾದ್ರೂ ಕೇಳ್ತೀಯ ಅಂತ ಕಾದೆ. ಕೇಳ್ಲಿಲ್ಲ. ಅದಕ್ಕೇ ನಿನ್ನ ಮುಖ ನೋಡೋಕೇ ಆಗ್ತಿರ್ಲಿಲ್ಲ."

ಇಬ್ಬರೂ ಗೇಟಿನ ಸರಳು ಹಿಡಿದು, ಯಾರ ಪರಿವೆಯೂ ಇಲ್ಲದೆ ಅತ್ತರು. ಒಳಗೆ ಯಾವುದೋ ಕ್ಲಾಸಿನ ಮಕ್ಕಳು ಮಗ್ಗಿ ಹೇಳುತ್ತಿದ್ದರು.

ಎಷ್ಟೋ ಹೊತ್ತಿನ ಮೇಲೆ ಮೇಡಂ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಸಂಜೆ ಎಷ್ಟು ಗಂಟೆಗೆ ಬರ್ತೀಯ ನೀನು ಈ ದಾರೀಲಿ?"

"ಐದೂವರೆಗೆ."

"ನಾನೂ ಬರ್ತೀನಿ" ಅಂದರು ಮೇಡಂ.